ಕೋಳಿಗೆ ಹಾಕುವ ಹಿಟ್ಟು

ಮುಂಗೈ ಮೇಲೆ ಹನ್ನೆರಡು ಹನಿ ಇಟ್ಟು
ಹನಿಗೊಂದು ಸೂಜಿ ಚುಚ್ಚಿ
ಗೋಡೆ ಗಡಿಯಾರ ನೋಡುತ್ತ ಕೂರಲು ಹೇಳಿದರು.
ಹಾಲು ಸುಮ್ಮನಿತ್ತು. ಮೊಟ್ಟೆ ಸುಮ್ಮನಿತ್ತು.
ಅಕ್ರೋಟು, ಮೀನು, ಬೆಕ್ಕಿನ ಕೂದಲು, ಎಲ್ಲ ಸಂಭಾವಿತರು.
ಏಳನೆಯದೊಂದು ಮಾತ್ರ
ಸೊಳ್ಳೆ ಕಚ್ಚಿದ ಹಾಗೆ ಕೆಂಪಗೆ ಎದ್ದು
ನನ್ನ ಮುಖವನ್ನೇ ನೋಡಿತು.
"ಗೋಧಿ" ಎಂದಳು ಡಾಕ್ಟರು,
ಮೊಮ್ಮಗಳ ವಯಸ್ಸಿನವಳು.

ನಾನು ನಕ್ಕೆ.
ತಾಯೀ, ನಾನು ತೆಲಾವಿಯವಳು.
ನಮ್ಮಪ್ಪ ತೋನೆ ಒಲೆಯ ಬಾಯೊಳಗೆ ಸೊಂಟದ ತನಕ ಬಾಗಿ
ಕಾದ ಗೋಡೆಗೆ ಹಿಟ್ಟು ಬಡಿಯುತ್ತಿದ್ದವ,
ಹುಬ್ಬೇ ಇಲ್ಲದ ಮನುಷ್ಯ.
ಅವನು ತೆಗೆದ ಶೋತಿ ರೊಟ್ಟಿ ಕತ್ತಿಯ ಹಾಗೆ ಬಾಗಿರುತ್ತಿತ್ತು,
ಮನೆ ಮುಟ್ಟುವಷ್ಟರಲ್ಲಿ ಎರಡೂ ತುದಿ ನಾನು ಮುಗಿಸಿರುತ್ತಿದ್ದೆ.
ಎಪ್ಪತ್ತೊಂದು ವರ್ಷ ತಿಂದದ್ದು
ಇದ್ದಕ್ಕಿದ್ದಂತೆ ಗಂಟಲಿಗೆ ಕೈ ಹಾಕುತ್ತದೆಯೆ?

"ಹಾಕಿದೆಯಲ್ಲ ಅಜ್ಜಿ, ಎರಡು ಸಲ" ಎಂದು
ಒಂದು ಪಟ್ಟಿ ಬರೆದು ಕೊಟ್ಟಳು.

ಗೊಂಬೋರಿ ಘಾಟಿ ಇಳಿಯುವ ವ್ಯಾನಿನಲ್ಲಿ
ತಿರುವಿಗೊಂದು ಸಾಲು ಓದಿದೆ.
ಖಿಂಕಾಲಿ ಹೋಯಿತು, ಖಚಪುರಿ ಹೋಯಿತು,
ಚುರ್ಚ್ಖೇಲಾ ಕೂಡ; ದ್ರಾಕ್ಷಿರಸ ಗಟ್ಟಿಯಾಗಲು
ನಮ್ಮ ಕಡೆ ಹಾಕುವುದು ಗೋಧಿ ಹಿಟ್ಟನ್ನೇ.
ಚರ್ಚಿನ ಪ್ರಸಾದದ ರೊಟ್ಟಿ ಪಟ್ಟಿಯಲ್ಲಿ ಇರಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದಳು.
ಅದಕ್ಕೇ ಕೇಳಲಿಲ್ಲ.

ಮನೆಯಲ್ಲಿ ಮಾಕ್ವಾಲಾ ಇದ್ದಳು, ಸೊಸೆ.
ಗುರಿಯಾದವಳು, ಸಮುದ್ರದ ಕಡೆಯವಳು,
ಮೆಕ್ಕೆಜೋಳ ತಿಂದು ಬೆಳೆದವಳು.
ಮದುವೆಯಾಗಿ ಬಂದ ಮೂರನೆಯ ಬೆಳಿಗ್ಗೆ
ತವರಿಂದ ತಂದ ಮಣ್ಣಿನ ಕಾವಲಿಯಲ್ಲಿ ಮ್ಚಾದಿ ಸುಟ್ಟು
ಮೊದಲನೆಯದನ್ನು ನನಗೆ ಕೊಟ್ಟಿದ್ದಳು.
ಹತ್ತು ಜನರ ಮುಂದೆ ನಾನು ಅಂದದ್ದು:
"ನಮ್ಮಲ್ಲಿ ಈ ಹಿಟ್ಟು ಕೋಳಿಗೆ ಹಾಕುತ್ತೇವೆ."
ನೆಂಟರು ನಕ್ಕರು. ಅವಳೂ ನಕ್ಕಳು.
ಇಪ್ಪತ್ತೊಂಬತ್ತು ವರ್ಷ
ಆ ಕಾವಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಪಟ್ಟಿ ಓದಿದಳು. ಮಡಚಿ ಉಪ್ಪಿನ ಡಬ್ಬಿಯ ಕೆಳಗಿಟ್ಟಳು.
ಹಿಟ್ಟಿನ ಡ್ರಮ್ಮು ಪಕ್ಕದ ಮನೆಗೆ ಹೋಯಿತು,
ಕಪಾಟು, ಲಟ್ಟಣಿಗೆ, ಜರಡಿ, ಬಾಗಿಲ ಹಿಡಿಕೆ ಕೂಡ
ಬಿಸಿನೀರಲ್ಲಿ ತೊಳೆಸಿಕೊಂಡವು.
ಆಮೇಲೆ ಏಣಿ ಹತ್ತಿ ಅಟ್ಟದಿಂದ
ಹಳೇ ಪೇಪರಿನಲ್ಲಿ ಸುತ್ತಿದ್ದೊಂದನ್ನು ಇಳಿಸಿದಳು.
ಇಲ್ಲೇ ಇತ್ತು, ಇಷ್ಟು ದಿನ, ನನ್ನ ಹಾಸಿಗೆಯ ನೇರಕ್ಕೆ.

ತಟ್ಟುವ ಸದ್ದು ಕೇಳಿಸಿತು.
ನಾನು ಮೇಜಿನ ಮುಂದೆ
ತೀರ್ಪಿಗೆ ಕಾದವಳ ಹಾಗೆ ಕೂತೆ.
ಈಗ ಹೇಳುತ್ತಾಳೆ. ತಟ್ಟೆ ಇಡುವಾಗ ಹೇಳುತ್ತಾಳೆ.
ನಾನಾಗಿದ್ದರೆ ಹೇಳುತ್ತಿದ್ದೆ,
ಮಾತಿಗೆ ಸಾಣೆ ಹಿಡಿದು, ನೆರೆಹೊರೆ ಕರೆಸಿ ಹೇಳುತ್ತಿದ್ದೆ.
"ಬಿಸಿ ಇದೆ, ನಿಧಾನ" ಅಂದಳು.
ಅಷ್ಟೇ.

ಸುಳ್ಳೇಕೆ? ರುಚಿಸಲಿಲ್ಲ.
ಅಪ್ಪನ ರೊಟ್ಟಿ ಎಳೆದರೆ ಮಾತ್ರ ಹರಿಯುತ್ತಿತ್ತು,
ಇದು ಮುಟ್ಟಿದರೆ ಉದುರುತ್ತದೆ,
ಬಾಯ್ತುಂಬ ಹೊಳೆದಂಡೆಯ ಮರಳು.
ಗಂಟಲು ಮಾತ್ರ ದಾರಿ ಬಿಟ್ಟಿತು.
ಒಂದು ತುತ್ತು. ಕಾದೆ. ಇನ್ನೊಂದು.

ಕಿಟಕಿಯಾಚೆ ಅವಳು
ನಿನ್ನೆಯ ಶೋತಿಯನ್ನು ಚೂರು ಮಾಡಿ
ಕೋಳಿಗಳಿಗೆ ಎಸೆಯುತ್ತಿದ್ದಳು.
ಬಾಯಿ ಬಿಡಲಿಲ್ಲ.
ಕೋಳಿಗಳೇ ಮಾತಾಡಿದವು.

ತಟ್ಟೆಯಲ್ಲಿ ಉಳಿದ ಮ್ಚಾದಿಯ ಬೆನ್ನ ಮೇಲೆ
ಅವಳ ನಾಲ್ಕು ಬೆರಳು ಒತ್ತಿದ ಗುರುತು.
ಕಿರುಬೆರಳಿನದು ವಾರೆಯಾಗಿತ್ತು,
ಎಂದೋ ಮುರಿದು ಹಾಗೇ ಕೂಡಿಕೊಂಡ ವಾರೆ.
ಯಾವಾಗ ಮುರಿದದ್ದು? ನನ್ನ ಮನೆಯಲ್ಲೋ, ಅದಕ್ಕೂ ಮೊದಲೋ?

"ಮಾಕ್ವಾಲಾ" ಎಂದು ಕರೆದೆ.
ಬಂದಳು, ಏಪ್ರನ್ನಿಗೆ ಕೈ ಒರೆಸುತ್ತ.
ಕೇಳಬೇಕೆಂದದ್ದು ಬೆರಳಿನ ವಿಷಯ.
ಬಾಯಿಗೆ ಬಂದದ್ದು, "ಉಪ್ಪು ಕಡಿಮೆ."

"ಇದಕ್ಕೆ ಉಪ್ಪು ಹಾಕುವುದಿಲ್ಲ ಅತ್ತೆ" ಎಂದು
ಚೀಸಿನ ತಟ್ಟೆಯನ್ನು
ನನ್ನ ಕಡೆಗೆ ಒಂದು ಗೇಣು ಸರಿಸಿದಳು.