ಗುಂಜಿತೂಕದ ಸದ್ದು

ಮಷೀನು ಕೊಳ್ಳಾಂವ ಇದ್ದೀ ಅಂದ್ರ, ತಮ್ಮಾ,
ಮೊದಲು ತೋಳು ಚಾಚಿ ತುಂಬಿದ ತಂಬಿಗಿ ಹಿಡಿ.
ಹಂಗೇ ನಿಂದ್ರು. ಬಿಸಲು ಏರಲಿ.
ಕೈ ನಡುಗೂದು ಎಷ್ಟೊತ್ತಿಗೆ ಅಂತ ನೋಡಿಕೋ.
ರೊಕ್ಕದ ಮಾತು ಆಮ್ಯಾಲ.

ದೊಡ್ಡ ತಾಟಿನದು ಆಳಕ್ಕ ಇಳೀತದ, ಖರೆ.
ಜ್ವಾಳದ ಕಾಳಿನಷ್ಟು ಬಂಗಾರ ಅದಕ್ಕ ಕೇಳಂಗಿಲ್ಲ.
ಅಂಗೈ ಅಗಲದ್ದು ಸಾಕು.
ಕಬ್ಬಿಣ ಬ್ಯಾರೆ ಮಾಡಿ ಕೊಡ್ತೀನಿ ಅನ್ನೋ ಗುಂಡಿ ಇರ್ತದ,
ಅದನ್ನ ಆರಿಸಿಬಿಡು.
ಮೊಳಿ ಬ್ಯಾಡ ಅಂದ್ರ
ಮೊಳಿ ಮಗ್ಗಲಿದ್ದದ್ದೂ ಹೋಗ್ತದ.

ನಾ ತಂದದ್ದು ಹೈದರಾಬಾದಿನ ಗುಜರಿಯಿಂದ.
ಮೊದಲಿನ ಮಾಲಕ ಹಿಡಿಕಿಗಿ ಹಸರು ಟೇಪು ಸುತ್ತಿದ್ದ,
ಅವನ ಬೆವರಿನ ವಾಸನಿ ಮೂರು ಮಳಿಗಾಲ ಹೋಗಲಿಲ್ಲ.

ಸುರಪುರದಾಗ ನಮ್ಮ ಓಣಿ ಝಾಲಗಾರರದು,
ಅಕ್ಕಸಾಲಿಗರ ಗಟಾರದ ರಾಡಿ ತೊಳದು ಉಂಡವರು.
ನಮ್ಮ ಸಣ್ಣವ್ವ ಶಾವಂತ್ರವ್ವ
ಅರವತ್ತು ವರ್ಷ ಹಳ್ಳದ ಉಸುಕು
ಮರಗಿಯೊಳಗ ತಿರುವಿದಾಕಿ.
ಉಸುಕು ಹೋಗೂ ಹೊತ್ತು ಬ್ಯಾರೆ,
ಕರಿಮಣ್ಣು ಹೋಗೂ ಹೊತ್ತು ಬ್ಯಾರೆ,
ಮುಂಗೈಗೆ ಗೊತ್ತದ ಅಂತಿದ್ಳು.
ಮಷೀನು ನೋಡಿ ನಗಲಿಲ್ಲ ಆಕಿ.
"ಇದಕ್ಕ ಏನ್ ಉಣಸ್ತೀ?"
"ಎಂಟು ಸೆಲ್ಲು, ಸಣ್ಣವ್ವಾ."
"ನನಗಿಂತ ಹೆಚ್ಚು ತಿಂತದ" ಅಂದ್ಳು.

ಮಂಗಳೂರಿನ ಗುಡ್ಡಕ್ಕ ಹೋದ್ವಿ, ಇಬ್ಬರೂ.
ಕಡಲಿನ ಮಂಗಳೂರಲ್ಲ, ನಮ್ಮ ತಾಲೂಕಿನದು.
ಹಳೇ ಗಣಿ ಗುಂಡಿ, ಬೆಣಚುಕಲ್ಲು ಹಲ್ಲು ಕಿಸಿದ ಜಾಗ.

ನೆಲಾ ರಮಿಸಬೇಕು ಮೊದಲು.
ತಾಟು ಎತ್ತು, ಇಳಸು, ಎತ್ತು, ಇಳಸು,
ಅದರ ಗೊಣಗಾಟ ತಣ್ಣಗಾಗೂತನ.
ಕೆಂಪು ಮಣ್ಣು ಒಂದು ನಮೂನಿ ಗೊಣಗತದ,
ಎರಿ ಹಸಿ ಇದ್ರ ಇನ್ನೊಂದು.
ನಾಕು ಮಾರು ಸರದ್ರ ಮತ್ತ ರಮಿಸು.
ತಾಟು ನೆಲದ ಕಿವಿಯೊಳಗ ಮಾತಾಡೂವಷ್ಟು ಹತ್ತಿರ ಇರಲಿ.
ಹುಲ್ಲು ಕೊಯ್ದಂಗ ಬೀಸಿದ್ರ ಹುಲ್ಲೇ ಸಿಗ್ತದ.

ಮೊದಲ ದಿನ ಸಿಕ್ಕದ್ದು ಹೇಳಲಾ:
ಎತ್ತಿನ ಲಾಳದ ಮೊಳಿ ಹನ್ನೊಂದು,
ಸೋಡಾ ಬಾಟ್ಲಿ ಬಿಲ್ಲಿ,
ಸಿಗರೇಟಿನ ಬೆಳ್ಳಿಕಾಗದ
(ಅದು ಅಗದೀ ಬಂಗಾರದಂಗ ಕೂಗ್ತದ, ಹಲ್ಕಟ್),
ಒಂದು ಕರೇ ಕಲ್ಲು. ಬರೇ ಕಲ್ಲು.
ಎಲ್ಲಾ ಅಗದೆ. ಎಲ್ಲಾ ಅಗೀಬೇಕು.
ಅಗದ ಕುಣಿ ಮುಚ್ಚು, ಕುರಿ ಕಾಲು ಮುರೀತಾವ.
ಆಮ್ಯಾಲ ಕುರಿ ಕಾಯೋ ಹೊನ್ನಕೇರಪ್ಪ
ನಿನ್ನ ಕಾಲು ಮುರೀತಾನ.

ಸಂಜಿಗೆ ಸಣ್ಣವ್ವ ಸೆರಗಿನ ಗಂಟು ಬಿಚ್ಚಿದ್ಳು.
ಹದ್ದಿನ ಗರಿಯ ಕೊಳವಿ, ಬಾಯಿಗೆ ಮೇಣ.
ಒಳಗ ಆಕಿ ಯಾರಿಗೂ ಮಾರದ ಪುಡಿ.
"ನಾಕು ಗುಂಜಿ ಅದ. ಕೇಳಸು."

ತಾಟಿನ ಕೆಳಗ ಇಟ್ಟೆ.
ಸುಮ್ಮನಿತ್ತು.
ಗುಂಡಿ ಏರಿಸಿದೆ.
ನೆಲದ ಉಸಿರು ಬಂತು, ದೂರದ ಕರೆಂಟಿನ ತಂತಿ ಬಂತು,
ಗರಿ ಬರಲಿಲ್ಲ.
ಮೂಗಿನ ನತ್ತು ಬಿಚ್ಚಿ ಇಟ್ಳು, ಎರಡೇ ಗುಂಜಿದು.
ಕುಂಯ್ ಅಂತು.

"ಕೆಟ್ಟದೇನು?"
ಇಲ್ಲವ್ವಾ. ಪುಡಿ ಇದ್ರ ಇದಕ್ಕ ಕೇಳಂಗಿಲ್ಲ.
ಒಂದಕ್ಕೊಂದು ಕೂಡಿ ಗಟ್ಟಿ ಆಗಿರಬೇಕು.

ಮೇಣ ತಿರಗಿ ಒತ್ತಿದ್ಳು, ಹೆಬ್ಬೆರಳಿಂದ, ಭಾಳ ಹೊತ್ತು.
"ಹಂಗಾದ್ರ ನಮ್ಮ ಓಣಿ ಮ್ಯಾಲ ಹಿಡದ್ರೂ
ಸುಮ್ಮನೇ ಇರ್ತದ" ಅಂದ್ಳು.

ಆರು ತಿಂಗಳಿಗೆ ಸಿಕ್ತು ನನಗ,
ತೊಗರಿಬ್ಯಾಳಿ ಅರ್ಧದಷ್ಟು.
ಸದ್ದಂದ್ರ ಸದ್ದಲ್ಲ ಅದು,
ಗುಂಯ್‌ಗುಡೂದರೊಳಗ ಒಂದು ಎಳಿ ಜಗ್ಗಿದಂಗ,
ಯಾರೋ ನಿದ್ದಿಯೊಳಗ ಮಗ್ಗಲ ಹೊಳ್ಳಿದಂಗ.
ಇಡೀ ದಿನ ಟಪ್ ಟಪ್ ಅಂತ ಉಗದವರಿಗೆ
ಅದು ತಪ್ಪಿ ಹೋಗ್ತದ.
ಆಕಿ ನಾಲಿಗಿ ಮ್ಯಾಲ ಇಟ್ಟುಕೊಂಡು,
ಕಣ್ಣು ಮುಚ್ಚಿ, ತಗದು,
"ಅದ" ಅಂದ್ಳು. ಅಷ್ಟೇ.

ಹಾಂ, ತಂಬಿಗಿ ಇಳಸು ಈಗ.
ಎಷ್ಟು ಚೆಲ್ಲೀದಿ, ನೋಡೂಣು.