ನೂರ ಹನ್ನೆರಡರಲ್ಲಿ ಎಂಬತ್ಮೂರು

ಕೆರೆ ಏರಿ ಮೇಲೆ, ತೂಬಿನ ಪಕ್ಕದ ಕಲ್ಲು ಹತ್ತಿ ನಿಂತರೆ
ಎರಡು ಕಡ್ಡಿ ಸಿಗುತ್ತದೆ.
ಒಂದು ಹೆಜ್ಜೆ ಕೆಳಗಿಳಿದರೆ ಅದೂ ಇಲ್ಲ.
ಬೆಳಿಗ್ಗೆ ಆರೂಮುಕ್ಕಾಲು. ಸ್ಕೂಟಿಯ ಹಿಂದೆ
ಥರ್ಮೊಕೋಲ್ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಐಸು, ಐಸಿನೊಳಗೆ
ಕಾಲುಬಾಯಿ ಲಸಿಕೆಯ ಸೀಸೆಗಳು
ಕಡೂರಿನಿಂದ ಇಷ್ಟು ದೂರ ಗಲಗಲ ಅನ್ನುತ್ತಾ ಬಂದಿವೆ.

ಆ್ಯಪ್ ತೆರೆದು ಹಟ್ಟಿಯ ಹೆಸರು ಒತ್ತುತ್ತೇನೆ.
ನೂರ ಹನ್ನೆರಡು ರಾಸು.
ಒಂದೊಂದರ ಕಿವಿಗೂ ಹಳದಿ ಬಿಲ್ಲೆ, ಬಿಲ್ಲೆ ಮೇಲೆ ಹನ್ನೆರಡು ಅಂಕಿ,
ಆ ಅಂಕಿಗೆ ಎಲ್ಲೋ ಒಂದು ತಣ್ಣನೆ ಕೋಣೆಯಲ್ಲಿ
ಬಣ್ಣ, ಕೋಡು, ಎಷ್ಟನೇ ಸೂಲು, ಯಜಮಾನನ ಫೋನ್ ನಂಬರು.
ಹಟ್ಟಿಯೊಳಗೆ ಸಿಗ್ನಲ್ ಬರುವುದಿಲ್ಲ.
ಇಲ್ಲೇ ಎಲ್ಲ ಇಳಿಸಿಕೊಂಡು
ಮಡಿಲಲ್ಲಿ ಕಟ್ಟಿಕೊಂಡ ಹಾಗೆ ಹೊತ್ತು ಹೋಗಬೇಕು.

ತಿರುಗುತ್ತದೆ ಬಿಳಿ ಬಳೆ.
ಹನ್ನೊಂದು. ಇಪ್ಪತ್ತಾರು.
ಬೀರೂರಿನ ಕಡೆ ರೈಲು ಕೂಗಿದ್ದು ಕೇಳುತ್ತದೆ.
ನಲವತ್ತು. ನಲವತ್ತು. ನಲವತ್ತು.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಗಂಗಮಾಳಮ್ಮ ತಲೆ ಎತ್ತಿದಳು:
‘ಯಾರ್ನ ಕರೀತಿದ್ದೀಯವ್ವ ಆಗ್ಲಿಂದ?’
ಸರ್ವರನ್ನ, ಅಂದೆ.
‘ಕರೆಯಾಕೆ ಮುಂಚೆ ಕರ ಬಿಟ್ಟಿದ್ಯಾ?’
ಅಂದು ತಾನೇ ನಕ್ಕು, ಸೀರೆಯನ್ನು ಕಲ್ಲಿಗೆ ಬಡಿದಳು.

ಕೂಗುವುದೂ ಕರೆಯುವುದೇ, ಹಾಲು ಹಿಂಡುವುದೂ ಕರೆಯುವುದೇ.
ಹುಟ್ಟಿದಾಗಿಂದ ಇದೇ ಮಾತು ಆಡುತ್ತಿದ್ದೇನೆ,
ಒಂದು ಸಲವೂ ಹೊಳೆದಿರಲಿಲ್ಲ.

ಡಾಕ್ಟರ್ ನಯಾಜ್ ಮೊದಲೇ ಹೇಳಿದ್ದರು,
ಊರಿಗೆ ಊರನ್ನೇ ಒಂದು ಉಸಿರಿಗೆ ಕೇಳಬೇಡಿ,
ಕೇರಿ ಕೇರಿಯಾಗಿ ಕೇಳಿ;
ಹೋದ ಸಲದಿಂದ ಏನು ಬದಲಾಗಿದೆಯೋ ಅಷ್ಟನ್ನೇ ಕೇಳುವ ಬಟನ್
ಮುಂದಿನ ಅಪ್‌ಡೇಟಿನಲ್ಲಿ ಬರುತ್ತದಂತೆ.
ನಾನು ಆಸೆಬುರುಕಿ. ಪೂರ್ತಿ ಕೇಳಿದೆ.

ಎಂಬತ್ಮೂರಕ್ಕೆ ನಿಂತುಬಿಟ್ಟಿತು.
‘ಮತ್ತೆ ಪ್ರಯತ್ನಿಸಿ’ ಒತ್ತಿದರೆ ಸೊನ್ನೆಯಿಂದ ಶುರು,
ಬಂದ ಎಂಬತ್ಮೂರೂ ಹೋಗುತ್ತವೆ.
ಪೆಟ್ಟಿಗೆಯ ಮೂಲೆಯಿಂದ ಒಂದು ಹನಿ
ಗಾಡಿಯ ನಂಬರ್ ಪ್ಲೇಟಿನ ಮೇಲೆ ಬಿತ್ತು.
ಇನ್ನೊಂದು ಬಿತ್ತು.
ಇಳಿದು ಹೊರಟೆ.

ಮೂಡಲಗಿರಿಯಪ್ಪನ ಕೊಟ್ಟಿಗೆಯಲ್ಲಿ ಜೋಡೆತ್ತು.
ಎಡದ್ದು ಫೋನಿನಲ್ಲಿ ಇದೆ. ಬಲದ್ದು, ‘ದಾಖಲೆ ಸಿಗಲಿಲ್ಲ.’
‘ಇಲ್ಲಾ ಅಂತೈತಾ?’ ಬಗ್ಗಿ ನೋಡಿದ.
‘ಬೆಳಿಗ್ಗೆ ನನ್ನ ಕಾಲು ತುಳಿದಿದ್ದು ಯಾರು ಹಂಗಾದ್ರೆ?’
ಎತ್ತು ನನ್ನ ಕೈಯ ಹತ್ತಿರ ಉಸಿರು ಬಿಟ್ಟಿತು,
ಗಾಜು ಮಂಜಾಯಿತು, ಸೆರಗಿನಿಂದ ಒರೆಸಿದೆ.
ದಾಖಲೆ ಇಲ್ಲದೆ ಸೂಜಿ ಹಾಕುವಂತಿಲ್ಲ.
ಹಾಕಿದೆ.

ಲಸಿಕೆಯ ರಟ್ಟಿನ ಡಬ್ಬಿಯನ್ನು ಹರಿದು, ಬಾಲ್‌ಪೆನ್ನಲ್ಲಿ ಬರೆದುಕೊಂಡೆ,
ಒಂದೊಂದಕ್ಕೂ ಹನ್ನೆರಡು ಅಂಕಿ, ಸಗಣಿ ಉಜ್ಜಿ ಓದುತ್ತಾ.
ಬಲದೆತ್ತಿನ ಕಡೆಯ ಅಂಕಿ ಗೂಟಕ್ಕೆ ತಿಕ್ಕಿ ಸವೆದಿತ್ತು.
ಮೂರೋ, ಎಂಟೋ.
‘ಮೂರೇ,’ ಅಂದ, ಓದು ಬರದ ಮೂಡಲಗಿರಿಯಪ್ಪ.
‘ಬಿಲ್ಲೆ ಚುಚ್ಚಿದ ದಿನ ಮೂರು ಸರ್ತಿ ಒದೀತಲ್ಲ.’
ಮೂರು ಅಂತಲೇ ಬರೆದೆ.

ಸಂಜೆ ಮತ್ತೆ ಅದೇ ಕಲ್ಲು. ಪೆಟ್ಟಿಗೆಯಲ್ಲಿ ಬರೀ ನೀರು,
ಖಾಲಿ ಸೀಸೆಗಳು ತೇಲುತ್ತಿದ್ದವು.
ಕೆರೆಯಲ್ಲಿ ಗಾಳಿ ಇರಲಿಲ್ಲ.
ನಾನು ಏನನ್ನೂ ಒತ್ತಿರಲಿಲ್ಲ, ದೇವರಾಣೆ,
ಸುಮ್ಮನೆ ಫೋನ್ ಹಿಡಿದು ನಿಂತಿದ್ದೆ.
ಕರು ಕಂಡ ಹಸುವಿನ ಹಾಗೆ ಸೊರೆ ಬಿಟ್ಟಿತು:
ತೊಂಬತ್ತೆಂಟು, ನೂರಾರು, ನೂರ ಹನ್ನೆರಡು.

ಬಲದೆತ್ತು ಈಗ ಇತ್ತು. ಬಿಳಿ, ಹಳ್ಳಿಕಾರ್, ಆರು ವರ್ಷ.
ಕಡೆಯ ಅಂಕಿ ಎಂಟು.

ಮೂರನ್ನು ಎಂಟು ಮಾಡುವುದು ಕಷ್ಟವಲ್ಲ,
ಎಡಕ್ಕೆ ಬಾಯಿ ತೆರೆದ ಎರಡು ಬಾಗನ್ನು ಮುಚ್ಚಿದರೆ ಸಾಕು.
ರಟ್ಟಿನ ಮೇಲೆ ಮುಚ್ಚಿದೆ.
ಕೆಳಗಿಳಿದು ಹೋಗಿ ಹೇಳಲಿಲ್ಲ.
ಒದ್ದ ಲೆಕ್ಕ
ಮೂರೇ ಇರಲಿ.