ಎಡಕ್ಕೆ ತಿರುಗಿದಾಗ ಮಾತ್ರ

ದೊಡ್ಡ ಶಬ್ದವೇನಲ್ಲ.
ತುಟಿಯಲ್ಲಿ ಪಿನ್ನು ಕಚ್ಚಿಕೊಂಡು
ಯಾರೋ ಮಾತಾಡಲು ನೋಡಿದ ಹಾಗೆ
ತೆಳ್ಳಗೆ ಒಂದು ಕಿರ್ರ್.
ಮೂರನೇ ಗೇರು, ನಲವತ್ತರ ಹತ್ತಿರ,
ಎಡಕ್ಕೆ ತಿರುಗಿದಾಗ ಮಾತ್ರ.

ಕಾರು ತೊಂಬತ್ತೇಳರ ಮಾರುತಿ.
ಬ್ರೇಕು ಎರಡು: ಕಲಿಯುವವರಿಗೊಂದು, ನನಗೊಂದು.
ಶಿವಮೊಗ್ಗದ ಎಷ್ಟು ಹೆಂಗಸರು ಇದರಲ್ಲಿ ಕೂತು
ಬೆವರಿ, ಬೈಸಿಕೊಂಡು, ಲೈಸೆನ್ಸ್ ತಗೊಂಡರೋ
ಲೆಕ್ಕವಿಟ್ಟಿಲ್ಲ.
ಸುಟ್ಟ ಕ್ಲಚ್ ಪ್ಲೇಟಿನ ಲೆಕ್ಕವಿದೆ: ಒಂಬತ್ತು.

ಮೊದಲು ಕೇಳಿಸಿಕೊಂಡವಳು ನಾನಲ್ಲ,
ಅಂಚೆ ಕಚೇರಿಯ ಕುಮುದಾಕ್ಷಿ.
ಬೈಪಾಸಿನಲ್ಲಿ ಎಡಕ್ಕೆ ಹೊರಳಿಸಿ
ಮುಖ ಬಿಳಿಚಿಕೊಂಡು ಕೇಳಿದಳು,
"ಮೇಡಂ, ಇದು ನನ್ನಿಂದಾನಾ?"
ಆಮೇಲೆ ಬಂದವರೂ ಅದನ್ನೇ ಕೇಳಿದರು.
ಕಾರಿಗೆ ವಯಸ್ಸಾಯಿತು ಅಂತ
ಒಬ್ಬಳ ಬಾಯಲ್ಲೂ ಬರಲಿಲ್ಲ.

ಆಟೋ ಕಾಂಪ್ಲೆಕ್ಸಿನ ಖಲಂದರ್ ಸಾಬರು
ಉದ್ದನೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಊರಿ,
ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿದರೆಂದರೆ
ಯಾವ ಬೇರಿಂಗಿಗೆ ಎಷ್ಟು ಆಯುಸ್ಸು ಅಂತ ಹೇಳಿಬಿಡುವವರು.
ಒಮ್ಮೆ ಕುಂಸಿಯಲ್ಲಿ ಕೆಟ್ಟು ನಿಂತಾಗ
ಫೋನಿನಲ್ಲೇ ಎಂಜಿನ್ ಸದ್ದು ಕೇಳಿ
"ಫ್ಯಾನ್ ಬೆಲ್ಟು" ಅಂದಿದ್ದರು. ಫ್ಯಾನ್ ಬೆಲ್ಟೇ.

ಅವರು ಕೂತು ನೋಡಿದರು. "ಏನೂ ಇಲ್ಲವಲ್ಲಮ್ಮ."
ಆದರೂ ನನ್ನ ಸಮಾಧಾನಕ್ಕೆ ವೀಲ್ ಬೇರಿಂಗ್ ಬದಲಾಯಿತು.
ಮುಂದಿನ ಸಲ ಬುಷ್ಷುಗಳು.
ಅದರ ಮುಂದಿನ ಸಲ, ಸಾವಿರದ ಎಂಟುನೂರಕ್ಕೆ,
ಸ್ಟೇರಿಂಗಿನ ಏನೋ ಒಂದು.
ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುತ್ತದಲ್ಲ,
ಹಾಗೇ ಇರಬೇಕು ಅಂದುಕೊಂಡೆ.
ಗ್ಯಾರೇಜಿನ ಗೇಟು ದಾಟಿದ್ದೇ ತಡ,
ಕಿರ್ರ್.

ನಾಲ್ಕನೇ ಸಲ ಗಾಜನೂರಿನ ದಾರಿ ಹಿಡಿದೆವು.
ಸ್ಟೇರಿಂಗ್ ನನ್ನ ಕೈಲಿ.
ನಾನು ದಿನಾ ಕೂರುವ ಜಾಗದಲ್ಲಿ ಸಾಬರು,
ಕಾಲು ನನ್ನ ಬ್ರೇಕಿನ ಮೇಲೆ.
ಹಿಂದೆ ಅವರ ಕೈಕೆಳಗಿನ ಹುಡುಗ ತಿಪ್ಪೇಶ,
ತೊಡೆಯ ಮೇಲೆ ಸ್ಪ್ಯಾನರಿನ ಚೀಲ.
ಎಡ ತಿರುವು ಬಂತು.
ಬಂತು ಅದೂ,
ಇಡೀ ಕಾರಿನ ತುಂಬ, ಸ್ಲೇಟಿನ ಮೇಲೆ ಉಗುರೆಳೆದ ಹಾಗೆ.

ಸಾಬರು ಎದುರಿನ ರಸ್ತೆ ನೋಡುತ್ತಲೇ ಇದ್ದರು.
"ನೋಡಿ," ಅಂದರು, "ಬೆಣ್ಣೆಯ ಹಾಗಿದೆ ಗಾಡಿ."

ಕನ್ನಡಿಯಲ್ಲಿ ತಿಪ್ಪೇಶನ ಕಣ್ಣು ಸಿಕ್ಕಿತು.
ತಲೆಯನ್ನು ಒಂದೇ ಒಂದು ಸಲ
ಆ ಕಡೆ ಈ ಕಡೆ ಆಡಿಸಿದ, ಬೇಡ ಅನ್ನುವಂತೆ.

ಆಗ ಒಂದೊಂದಾಗಿ ಜೋಡಿಸಿಕೊಂಡೆ.
ಈಚೆಗೆ ಫೋನು ಹುಡುಗನೇ ಎತ್ತುತ್ತಾನೆ.
ಗ್ಯಾರೇಜಿನ ರೇಡಿಯೋ ರಸ್ತೆಯವರೆಗೂ ಕೂಗುತ್ತದೆ.
ರೇಟು ಕೇಳಿದರೆ ನನ್ನ ಬಾಯಿಯನ್ನೇ ನೋಡುತ್ತಾರೆ ಸಾಬರು.
ದಪ್ಪ ಸದ್ದುಗಳು ಇನ್ನೂ ಅವರವೇ.
ತೆಳ್ಳನೆಯವು ಬಿಟ್ಟುಹೋಗಿವೆ,
ಹೇಳದೆ ಕೇಳದೆ.

"ಹೌದು ಸಾಬರೇ," ಅಂದೆ. "ಇವತ್ತು ಯಾಕೋ ಇಲ್ಲ."
ಇಷ್ಟು ವರ್ಷ ಕಲಿಸುವಾಗ ಎಷ್ಟೋ ಸುಳ್ಳು ಹೇಳಿದ್ದೇನೆ,
ಚೆನ್ನಾಗಿ ಓಡಿಸಿದಿರಿ, ಹೆದರಬೇಡಿ, ಲಾರಿ ದೂರ ಇದೆ.
ಇದು ಗಂಟಲು ದಾಟಲು ಹೊತ್ತು ಹಿಡಿಯಿತು.

ವಾಪಸು ಬಂದು ಬಾನೆಟ್ ಎತ್ತಿದರು.
ಸ್ಕ್ರೂಡ್ರೈವರ್ ಕಿವಿಗೆ, ಕಣ್ಣು ಮುಚ್ಚಿದರು.
ಬಹಳ ಹೊತ್ತು.
ಅಷ್ಟರಲ್ಲಿ ತಿಪ್ಪೇಶ ಕಾರಿನಡಿ ಜಾರಿ
ಸೈಲೆನ್ಸರಿನ ಮೇಲಿನ ತುಕ್ಕು ಹಿಡಿದ ತಗಡಿಗೆ
ಒಂದು ಕ್ಲಿಪ್ಪು ಬಿಗಿದು ಹೊರಬಂದ.
"ನೀವು ಆವತ್ತು ತೋರಿಸಿದ ಕಡೆಯೇ ಲೂಸಾಗಿತ್ತು, ಚಾಚಾ,"
ಜೋರಾಗಿ ಹೇಳಿದ, ಮುಖಕ್ಕೆ ಮುಖ ಕೊಟ್ಟು.

ಸಾಬರು ಹುಡುಗನನ್ನು ನೋಡಿದರು,
ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು.
ಆಮೇಲೆ ಬಟ್ಟೆಯಲ್ಲಿ ಕೈ ಒರೆಸಿ
ಚೀಟಿ ಬರೆದರು: ಕ್ಲಿಪ್ಪು, ನಲವತ್ತು ರೂಪಾಯಿ.
ಕೆಲಸದ ಕೂಲಿ ಅಂತ ಬರೆದು, ಹೊಡೆದುಹಾಕಿದರು.

ಹನ್ನೊಂದು ದಿನ ಕಾರು ಸುಮ್ಮನಿತ್ತು.
ಮೊನ್ನೆ ಬಲಕ್ಕೆ ತಿರುಗಿದಾಗ
ಬೇರೊಂದು ಶುರುವಾಗಿದೆ, ಟಿಕ್ ಟಿಕ್ ಅಂತ.
"ನನ್ನಿಂದಾನಾ ಮೇಡಂ?" ಅಂದಳು ಹೊಸ ಹುಡುಗಿ.
ಅಲ್ಲ ಮಾರಾಯ್ತಿ, ನೀನು ರಸ್ತೆ ನೋಡು.

ಬುಧವಾರ ಹೋಗಬೇಕು ಸಾಬರಲ್ಲಿಗೆ,
ತಿಪ್ಪೇಶ ಇರುವ ಹೊತ್ತು ನೋಡಿಕೊಂಡು.